ಐರೋಪ್ಯ ಒಕ್ಕೂಟದ ಪರರಾಷ್ಟ್ರನೀತಿ: ಅದರ ಕ್ರಮವೂ ತೊಡಕೂ

ಸಂಧಿ, ವಿಗ್ರಹ, ಯಾನ, ಆಸನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯವು ನಮ್ಮ ರಾಜನೀತಿಗ್ರಂಥಗಳಲ್ಲಿ ವಿಸ್ತಾರವಾಗಿ ನಿರೂಪಿತವಾಗಿದೆ. ಈ ಆರು ಉಪಾಯಗಳೂ ವಿಜಿಗೀಷುವಾದ ಒಬ್ಬ ಅರಸನನ್ನು ಉದ್ದೇಶಿಸಿ ಹೇಳಿದವುಗಳು. ಮಂತ್ರಾಲೋಚನೆಗೆ ಅನೇಕರು ಕುಳಿತರೂ ನಿಶ್ಚಯವು ಒಬ್ಬನದೇ. ಆದರೆ ಹಲವು ಸ್ವತಂತ್ರ ರಾಷ್ಟ್ರಗಳು ತಂತಮ್ಮ ಪ್ರಭುತ್ವವನ್ನು ಬಿಟ್ಟುಕೊಡದೆ, ಹೊರಗಿನವರೊಡನೆ ಒಂದೇ ನೀತಿಯಿಂದ ವ್ಯವಹರಿಸುವುದು ಸಾಧ್ಯವೆ? ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಅತ್ಯಂತ ದೀರ್ಘವಾಗಿ ಪರೀಕ್ಷೆಗೆ ಒಡ್ಡಿರುವುದು 27 ರಾಷ್ಟ್ರಗಳ ಐರೋಪ್ಯ ಒಕ್ಕೂಟವು. ಅದರ ಕಾರ್ಯಕ್ರಮವನ್ನು ಸಂಗ್ರಹವಾಗಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಇತಿಹಾಸವನ್ನು ನೋಡೋಣ. ಆರು ರಾಷ್ಟ್ರಗಳು ಒಂದೇ ಸೈನ್ಯವನ್ನು ಕಟ್ಟಬೇಕೆಂದು ಮಾಡಿಕೊಂಡಿದ್ದ ಒಡಂಬಡಿಕೆಯು 1954ರಲ್ಲಿ ಫ್ರಾನ್ಸಿನ ಶಾಸನಸಭೆಯಲ್ಲಿಯೇ ಬಿದ್ದುಹೋಯಿತು. ಆ ಬಳಿಕ ಅವರು ವಾಣಿಜ್ಯದ ದಾರಿಯನ್ನು ಹಿಡಿದರು. 1970ರಲ್ಲಿ ವಿದೇಶಾಂಗ ಸಚಿವರು ಕಾಲಕಾಲಕ್ಕೆ ಕಲೆತು ಸಮಾಲೋಚಿಸುವ ಪದ್ಧತಿಯು ಆರಂಭವಾಯಿತು. ಇದು ಸಲಹೆಯ ಮಟ್ಟದ್ದು; ಯಾರನ್ನೂ ಕಟ್ಟುವಂಥದಲ್ಲ. ಹಾಗಿದ್ದರೂ 1980ರಲ್ಲಿ ಒಂಬತ್ತು ರಾಷ್ಟ್ರಗಳು ವೆನಿಸ್ಸಿನಲ್ಲಿ ಪ್ಯಾಲೆಸ್ಟೀನಿನ ವಿಷಯವಾಗಿ ಕೂಡಿ ಹೊರಡಿಸಿದ ಘೋಷಣೆಯು ಅಮೆರಿಕದ ನಿಲುವಿಗಿಂತ ಬೇರೆಯಾದ ಒಂದು ನಿಲುವನ್ನು ಜಗತ್ತಿಗೆ ತಿಳಿಸಿತು. 1992ರಲ್ಲಿ ಸಹಿಯಾಗಿ 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಡಂಬಡಿಕೆಯಿಂದ ಸಮಾನ ಪರರಾಷ್ಟ್ರನೀತಿ ಎಂಬ ಹೆಸರೂ ಸ್ಥಾನವೂ ಇದಕ್ಕೆ ದೊರೆತುವು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯು ಈಗಿರುವ ರೂಪವನ್ನು ಕೊಟ್ಟಿತು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಗಮನಿಸಬೇಕು. ಹೊರಗಿನವರೊಡನೆ ಒಕ್ಕೂಟದ ವ್ಯವಹಾರವು ಎರಡು ಬಗೆಯದು. ವಾಣಿಜ್ಯವು ಸಂಪೂರ್ಣವಾಗಿ ಒಕ್ಕೂಟದ ಅಧಿಕಾರಕ್ಕೆ ಸೇರಿದುದು. ಸುಂಕದ ಮಾತುಕತೆಯನ್ನು ಎಲ್ಲರ ಪರವಾಗಿ ಐರೋಪ್ಯ ಆಯೋಗವೇ ನಡೆಸುತ್ತದೆ. ಯಾವ ಸದಸ್ಯರಾಷ್ಟ್ರವೂ ಪ್ರತ್ಯೇಕವಾಗಿ ಸುಂಕದ ಕರಾರನ್ನು ಮಾಡಿಕೊಳ್ಳಲಾರದು. ಯುದ್ಧ, ಶಾಂತಿ, ಮಾನ್ಯತೆ, ಮೈತ್ರಿ ಮುಂತಾದ ರಾಜಕೀಯ ವಿಷಯಗಳಲ್ಲಾದರೋ ಅಧಿಕಾರವು ರಾಷ್ಟ್ರಗಳ ಕೈಯಲ್ಲಿಯೇ ಉಳಿದಿದೆ. ಮೊದಲನೆಯದರಲ್ಲಿ ಒಕ್ಕೂಟವು ಒಂದೇ ದೇಹದಂತೆ ನಡೆಯುತ್ತದೆ. ಎರಡನೆಯದರಲ್ಲಿ ಅದು ಒಂದು ಸಭೆಯಂತೆ ನಡೆಯುತ್ತದೆ. ಒಕ್ಕೂಟದ ಬಲವನ್ನೂ ದೌರ್ಬಲ್ಯವನ್ನೂ ಕುರಿತ ಬಹುತೇಕ ಚರ್ಚೆಗಳ ಮೂಲವು ಈ ಭೇದದಲ್ಲಿದೆ.

ಈ ಸಭೆಯ ಅಂಗಗಳು ಹೀಗಿವೆ. ರಾಷ್ಟ್ರಗಳ ಮುಖ್ಯಸ್ಥರು ಸೇರುವ ಶಿಖರಸಭೆಯು ನೀತಿಯ ದಿಕ್ಕನ್ನು ನಿರ್ಣಯಿಸುತ್ತದೆ. ವಿದೇಶಾಂಗ ಸಚಿವರ ಪರಿಷತ್ತು ಅದನ್ನು ನಿರ್ಣಯಗಳಾಗಿ ಮಾಡುತ್ತದೆ. ಈ ಪರಿಷತ್ತಿಗೆ ಅಧ್ಯಕ್ಷರಾಗಿರುವವರು ಉನ್ನತ ಪ್ರತಿನಿಧಿ ಎಂಬ ಅಧಿಕಾರಿಗಳು. ಇವರೇ ಐರೋಪ್ಯ ಆಯೋಗದ ಉಪಾಧ್ಯಕ್ಷರೂ ಆಗಿರುವುದರಿಂದ ಮೇಲೆ ಹೇಳಿದ ಎರಡು ಬಗೆಯ ವ್ಯವಹಾರಗಳಿಗೂ ಕೊಂಡಿಯಂತಿದ್ದಾರೆ. 1999ರಿಂದ ಹತ್ತು ವರ್ಷ ಹವಿಯರ್ ಸೊಲಾನಾ ಅವರು ಈ ಪದವಿಯಲ್ಲಿದ್ದು ಅದಕ್ಕೆ ಒಂದು ಗೌರವವನ್ನು ತಂದರು. 2011ರಿಂದ ಒಕ್ಕೂಟಕ್ಕೆ ತನ್ನದೇ ಆದ ರಾಯಭಾರ ಇಲಾಖೆಯಿದ್ದು, ಲೋಕದ ನಾನಾ ಭಾಗಗಳಲ್ಲಿ 140ಕ್ಕೂ ಹೆಚ್ಚು ನಿಯೋಗ, ಕಚೇರಿಗಳು ಅದರ ಅಧೀನದಲ್ಲಿವೆ. ಆದರೆ ಇವು ಸದಸ್ಯರಾಷ್ಟ್ರಗಳ ರಾಯಭಾರಿಗಳನ್ನು ತೆಗೆದುಹಾಕಿ ಬಂದವಲ್ಲ. ಅವರ ಪಕ್ಕದಲ್ಲಿ ಕುಳಿತವು.

ನಿರ್ಣಯಗಳಿಗೆ ಸಾಮಾನ್ಯವಾಗಿ ಎಲ್ಲರ ಒಪ್ಪಿಗೆಯೂ ಬೇಕು. ಈ ವಿಷಯದಲ್ಲಿ ಜರ್ಮನಿಗೆ ಎಷ್ಟು ಅಧಿಕಾರವೋ ಪುಟ್ಟ ಮಾಲ್ಟಾ ದ್ವೀಪಕ್ಕೂ ಅಷ್ಟೇ. ಒಪ್ಪದವನು ತಡೆಯದೆ ಸುಮ್ಮನಿರುವುದಕ್ಕೂ ಒಂದು ಮಾರ್ಗವುಂಟು. ಅಂಥವನು ತನ್ನ ತಾಟಸ್ಥ್ಯವನ್ನು ವಿಧಿಪೂರ್ವಕವಾಗಿ ಘೋಷಿಸಿದರೆ ನಿರ್ಣಯವು ಅವನನ್ನು ಕಟ್ಟುವುದಿಲ್ಲ. ಅವನೂ ಅದಕ್ಕೆ ಅಡ್ಡಬರುವಂತಿಲ್ಲ. 2008ರಲ್ಲಿ ಕೊಸೊವೊಗೆ ನಿಯೋಗವನ್ನು ಕಳುಹಿಸುವಾಗ ಸೈಪ್ರಸ್ ಈ ದಾರಿಯನ್ನು ಹಿಡಿಯಿತು. 2022ರಲ್ಲಿ ಯುಕ್ರೇನಿಗೆ ಆಯುಧಗಳನ್ನು ಒದಗಿಸುವ ಪ್ರಸಂಗದಲ್ಲಿ ಆಸ್ಟ್ರಿಯ, ಐರ್ಲೆಂಡ್, ಮಾಲ್ಟಾಗಳೂ ಹಾಗೆಯೇ ಮಾಡಿದುವು.

ವಾಚಕರಲ್ಲಿ ಅನೇಕರು ಸಾಹಿತ್ಯವನ್ನು ಬೋಧಿಸುವವರಾದುದರಿಂದ ಇನ್ನೊಂದು ಸಂಗತಿಯು ಅವರಿಗೆ ರುಚಿಸಬಹುದು. ಈ ನೀತಿಯ ಬಹುಭಾಗವು ಶಬ್ದಗಳಲ್ಲಿಯೇ ನಡೆಯುತ್ತದೆ. ಒಕ್ಕೂಟದ ಹೇಳಿಕೆಯು ಎರಡು ಬಗೆಯ ಶಿರೋನಾಮೆಗಳಿಂದ ಹೊರಡುವುದುಂಟು. ಒಂದರಲ್ಲಿ ಉನ್ನತ ಪ್ರತಿನಿಧಿಯು ‘ಒಕ್ಕೂಟದ ಪರವಾಗಿ’ ನುಡಿಯುತ್ತಾರೆ; ಇದಕ್ಕೆ 27 ರಾಷ್ಟ್ರಗಳ ಸಮ್ಮತಿಯೂ ಬೇಕು. ಇನ್ನೊಂದರಲ್ಲಿ ಅವರು ತಮ್ಮ ಹೆಸರಿನಿಂದಲೇ ನುಡಿಯುತ್ತಾರೆ. 2021ರ ಮೇ ತಿಂಗಳಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ ಕದನವು ನಿಲ್ಲಬೇಕೆಂಬ ಹೇಳಿಕೆಗೆ ಹಂಗೆರಿಯು ಒಪ್ಪಲಿಲ್ಲ. ಆಗ ಉನ್ನತ ಪ್ರತಿನಿಧಿಗಳಾಗಿದ್ದ ಜೋಸೆಪ್ ಬೊರೆಲ್ ಅವರು 26 ರಾಷ್ಟ್ರಗಳ ಬೆಂಬಲವಿದೆಯೆಂದು ತಾವೇ ತಿಳಿಸಬೇಕಾಯಿತು. ಶಿರೋನಾಮೆಯ ಎರಡು ಪದಗಳು ಇದ್ದುವೇ ಬಿಟ್ಟುವೇ ಎಂಬುದರಿಂದಲೇ ಒಳಗಿನ ಭಿನ್ನಾಭಿಪ್ರಾಯವನ್ನು ಊಹಿಸಬಹುದು. ಪಾಠಾಂತರಗಳನ್ನು ನೋಡಿ ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಮಾತು ಕಾರ್ಯವಾಗುವ ಬಗೆಗೆ ಆರ್ಥಿಕ ನಿರ್ಬಂಧಗಳು ಒಳ್ಳೆಯ ನಿದರ್ಶನ. ಪರಿಷತ್ತು ಮೊದಲು ಸರ್ವಾನುಮತದಿಂದ ರಾಜಕೀಯ ನಿರ್ಣಯವನ್ನು ಮಾಡುತ್ತದೆ. ಬಳಿಕ ಅದನ್ನು ಅನುಸರಿಸಿ ಬಹುಮತದಿಂದ ಒಂದು ನಿಯಮವು ಹುಟ್ಟುತ್ತದೆ; ಅದು ಎಲ್ಲ ದೇಶಗಳ ಬ್ಯಾಂಕುಗಳನ್ನೂ ವರ್ತಕರನ್ನೂ ನೇರವಾಗಿ ಕಟ್ಟುತ್ತದೆ. ಹೀಗೆ ವಾಣಿಜ್ಯದ ಬಲವು ರಾಜಕೀಯದ ಮಾತಿಗೆ ತೂಕವನ್ನು ಕೊಡುತ್ತದೆ. 2014ರಲ್ಲಿ ರಷ್ಯದ ಆರ್ಥಿಕ ವ್ಯವಹಾರಗಳ ಮೇಲೆ ವಿಧಿಸಿದ ನಿರ್ಬಂಧಗಳನ್ನು ಆರಾರು ತಿಂಗಳಿಗೊಮ್ಮೆ ಸರ್ವಾನುಮತದಿಂದ ಮುಂದುವರಿಸಬೇಕಾಗಿ ಬಂದಿತು. ಒಮ್ಮೆ ಕೂಡಿದರೆ ಸಾಲದು, ಮರಳಿ ಮರಳಿ ಕೂಡಬೇಕು.

ಕೂಡದೆ ಹೋದ ಪ್ರಸಂಗಗಳೂ ಇಲ್ಲದಿಲ್ಲ. 2003ರ ಇರಾಕ್ ಯುದ್ಧದಲ್ಲಿ ಬ್ರಿಟನ್, ಸ್ಪೇನ್, ಇಟಲಿಗಳು ಅಮೆರಿಕದ ಪಕ್ಷವನ್ನು ಹಿಡಿದುವು. ಫ್ರಾನ್ಸ್, ಜರ್ಮನಿಗಳು ವಿರೋಧಿಸಿದುವು. 2008ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡ ಕೊಸೊವೊಗೆ ಸ್ಪೇನ್, ಗ್ರೀಸ್, ಸೈಪ್ರಸ್, ರುಮೇನಿಯ, ಸ್ಲೊವಾಕಿಯಗಳು ಮಾನ್ಯತೆಯನ್ನು ಕೊಡಲಿಲ್ಲ. 2020ರಲ್ಲಿ ಬೆಲಾರೂಸಿನ ಚುನಾವಣೆಯ ವಿಷಯವಾಗಿ ವಿಧಿಸಬೇಕಾಗಿದ್ದ ನಿರ್ಬಂಧಗಳನ್ನು, ಟರ್ಕಿಯ ಮೇಲೆಯೂ ಕ್ರಮವನ್ನು ಕೈಗೊಳ್ಳಬೇಕೆಂದು ಹಟಹಿಡಿದ ಸೈಪ್ರಸ್ ಅಕ್ಟೋಬರಿನವರೆಗೂ ತಡೆಯಿತು. ಒಂದು ಸಮ್ಮತಿಯನ್ನು ಇನ್ನೊಂದರ ಬೆಲೆಯಾಗಿ ಕೇಳುವುದು ಸರ್ವಾನುಮತದ ಸಹಜವಾದ ದೋಷ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹನ್ನೊಂದನೆಯ ಅಧಿಕರಣವು ಸಂಘಗಳನ್ನು ಕುರಿತದ್ದು. ಒಗ್ಗಟ್ಟಾದ ಸಂಘವು ಪರರಿಗೆ ದುರ್ಜಯವೆಂದೂ, ಭೇದೋಪಾಯವೇ ಅದಕ್ಕೆ ತಕ್ಕ ಮದ್ದೆಂದೂ ಅದರ ಅಭಿಪ್ರಾಯ. ಸರ್ವಾನುಮತವನ್ನು ಬೇಡುವ ಸಂಘದಲ್ಲಿ ಭೇದವು ಇನ್ನೂ ಸುಲಭ; ಹೊರಗಿನವನು ಒಬ್ಬನನ್ನು ಒಲಿಸಿಕೊಂಡರೂ ಸಾಕು. ಬಹುಮತವನ್ನೇ ಅಂಗೀಕರಿಸೋಣವೆಂದು ಕೆಲವರು ವಾದಿಸುತ್ತಿರುವುದು ಇದಕ್ಕಾಗಿಯೇ. ಆದರೆ ತನ್ನ ಇಷ್ಟಕ್ಕೆ ವಿರೋಧವಾಗಿ ವೈರ ಮೈತ್ರಿಗಳ ಹೊರೆಯನ್ನು ಹೊರಬೇಕಾದ ಸಣ್ಣ ರಾಷ್ಟ್ರವು ಸಂಘದಲ್ಲಿ ಎಷ್ಟು ದಿನ ಮನಸ್ಸಿಟ್ಟು ನಿಂತೀತು ಎಂಬ ಪ್ರತಿವಾದವೂ ಹಗುರವಾದುದಲ್ಲ. ಬೇಗ ನಿಶ್ಚಯಿಸುವ ಶಕ್ತಿಯೂ, ನಿಶ್ಚಯವನ್ನು ಎಲ್ಲರೂ ತಮ್ಮದೆಂದು ಭಾವಿಸುವ ಶ್ರದ್ಧೆಯೂ ಒಂದೇ ಕಡೆ ದೊರೆಯುವುದು ವಿರಳ. ಐರೋಪ್ಯ ಒಕ್ಕೂಟವು ಇದುವರೆಗೆ ಎರಡನೆಯದನ್ನು ಕಾಪಾಡಿಕೊಂಡು ಮೊದಲನೆಯದರಲ್ಲಿ ನಷ್ಟವನ್ನು ಸಹಿಸಿಕೊಂಡಿದೆ. ಭೇದವನ್ನು ಬಲ್ಲ ಬಲಿಷ್ಠರ ನಡುವೆ ಈ ನಷ್ಟವನ್ನು ಎಷ್ಟರಮಟ್ಟಿಗೆ ಸಹಿಸಬಹುದೆಂಬುದೇ ಅದರ ಮುಂದಿರುವ ನಿಜವಾದ ಪ್ರಶ್ನೆ.