ಶ್ರೀಗಂಧ: ತೊಗಟೆಯಲ್ಲಿಲ್ಲದ ಪರಿಮಳ

ಮಂಗಳೂರು: ತುಳುನಾಡಿನ ದೇವಸ್ಥಾನಗಳಲ್ಲಿ ತೀರ್ಥದ ಜೊತೆಗೆ, ದೈವಸ್ಥಾನಗಳಲ್ಲಿ ನೇಮದ ಸಂದರ್ಭದಲ್ಲಿ ಭಕ್ತರ ಕೈ ಸೇರುವುದು ಗಂಧಪ್ರಸಾದ. ಸಾಣೆಕಲ್ಲಿಗೆ ನೀರು ಚಿಮುಕಿಸಿ ಕೊರಡನ್ನು ತೇಯ್ದಾಗ ಹೊಮ್ಮುವ ಈ ಪರಿಮಳ ಕೆನೆಯಂತೆ ಮೃದು; ಅದರೊಳಗೆ ಒಣಮರದ ಗಾಂಭೀರ್ಯವೂ ಇದೆ. ಜಗತ್ತಿನ ಸುಗಂಧದ್ರವ್ಯ ತಯಾರಕರು ಶ್ರೀಗಂಧದಲ್ಲಿ ಮೆಚ್ಚುವುದೂ ಇದೇ ಗುಣವನ್ನು. ಆದರೆ ಈ ಪರಿಮಳ ಮರದ ಯಾವ ಭಾಗದ್ದು ಎಂಬ ವಿಷಯದಲ್ಲಿ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ಶ್ರೀಗಂಧದ ತೊಗಟೆಗೆ ಪರಿಮಳವಿಲ್ಲ. ಅದರ ಕೆಳಗಿನ ಬಿಳಿಯ ಹೊರಮರಕ್ಕೂ ಹೇಳಿಕೊಳ್ಳುವಂತಹ ಪರಿಮಳವಿಲ್ಲ. ತೈಲ ಸಂಗ್ರಹವಾಗುವುದು ನಡುವಿನ ಕಂದುಬಣ್ಣದ ಚೇಗಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಆದ್ದರಿಂದಲೇ ಈ ಮರವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಕೀಳುವುದು ರೂಢಿ. ಚೇಗನ್ನು ಪುಡಿಮಾಡಿ, ಹಬೆ ಹಾಯಿಸಿ, ದೀರ್ಘಕಾಲ ಭಟ್ಟಿ ಇಳಿಸಿದಾಗ ತೈಲ ದೊರೆಯುತ್ತದೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಈ ತೈಲ ನಿಧಾನವಾಗಿ ಆವಿಯಾಗುವುದರಿಂದ ತನ್ನೊಡನೆ ಬೆರೆತ ಇತರ ಪರಿಮಳಗಳನ್ನೂ ಹಿಡಿದಿಡುತ್ತದೆ. ಉತ್ತರ ಪ್ರದೇಶದ ಕನೌಜ್‌ನ ಅತ್ತರು ತಯಾರಕರು ಗುಲಾಬಿ, ಮಲ್ಲಿಗೆಗಳ ಸಾರವನ್ನು ಪರಂಪರೆಯಿಂದ ಗಂಧದೆಣ್ಣೆಗೆ ಇಳಿಸುತ್ತ ಬಂದಿರುವುದು ಇದೇ ಕಾರಣಕ್ಕೆ.

ಮಂಗಳೂರಿಗೂ ಗಂಧಕ್ಕೂ ಇರುವ ನಂಟು ಮುಖ್ಯವಾಗಿ ವ್ಯಾಪಾರದ್ದು. ಮೈಸೂರು, ಕೊಡಗಿನ ಗಂಧ ಘಟ್ಟವಿಳಿದು ಈ ಬಂದರಿನಿಂದ ಹಡಗೇರುತ್ತಿತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಅರಬ್ಬೀ ಸಮುದ್ರದಾಚೆಯ ಮಸ್ಕತ್‌ನಲ್ಲಿದ್ದ ಅವನ ವ್ಯಾಪಾರ ಕೋಠಿಯಲ್ಲಿ ಗಂಧ, ಕಾಳುಮೆಣಸು ಮಾರಾಟವಾಗುತ್ತಿದ್ದವು. ಮುಂದೆ ಮೊದಲ ಮಹಾಯುದ್ಧದಿಂದ ಯುರೋಪಿಗೆ ಕೊರಡಿನ ರಫ್ತು ನಿಂತಾಗ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸರ್ಕಾರ 1916ರಲ್ಲಿ ತಾನೇ ತೈಲ ತಯಾರಿಕೆ ಆರಂಭಿಸಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು.

ರೈತನ ಜಮೀನಿನಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಎಂಬ ನಿಯಮ ಬಹುಕಾಲ ನಡೆಯಿತು. 2001ರ ಕಾನೂನು ತಿದ್ದುಪಡಿ ಮರದ ಒಡೆತನವನ್ನು ಭೂಮಾಲೀಕನಿಗೆ ನೀಡಿತು. ಅಂದಿನಿಂದ ಗಂಧದ ಕೃಷಿ ಅನೇಕರನ್ನು ಸೆಳೆದಿದೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಮಾತ್ರ ಈಗಲೂ ಬೇಕು.

ಕರಾವಳಿಯ ಕೃಷಿಕರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಶ್ರೀಗಂಧ ಒಣಪ್ರದೇಶವನ್ನು ಮೆಚ್ಚುವ ಮರ. ಬುಡದಲ್ಲಿ ನೀರು ನಿಂತರೆ ಅದು ಸಹಿಸದು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಇಂತಹ ನೆಲದಲ್ಲಿ ಗಿಡ ಬೇಗನೆ ಎತ್ತರಕ್ಕೆ ಬೆಳೆಯಬಹುದು. ಆದರೆ ಬೇಗ ಬೆಳೆದ ಮಾತ್ರಕ್ಕೆ ಚೇಗು ಕಟ್ಟುವುದಿಲ್ಲ. ಚೇಗು ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು, ಅದು ಚೆನ್ನಾಗಿ ಬಲಿಯಲು ಮೂವತ್ತು ವರ್ಷಗಳಾದರೂ ಹಿಡಿಯುತ್ತವೆ. ಇದು ಅರೆ ಪರಾವಲಂಬಿ ಸಸ್ಯವಾದ್ದರಿಂದ ತೊಗರಿ, ಗಾಳಿಮರದಂತಹ ಆಸರೆ ಗಿಡವೂ ಪಕ್ಕದಲ್ಲಿರಬೇಕು. ಇವೆಲ್ಲವನ್ನೂ ದಾಟಿ ಬಂದ ಮರಕ್ಕೆ ಸ್ಪೈಕ್ ರೋಗದ ಭೀತಿ, ಕಳ್ಳರ ಭೀತಿ ಬೇರೆ.

ಹೀಗಾಗಿ ಸಸಿ ಕೊಳ್ಳುವವರು ಲಾಭದ ಲೆಕ್ಕಾಚಾರಕ್ಕೆ ಮೊದಲು ತಮ್ಮ ನೆಲದಲ್ಲಿ ನೀರು ಬಸಿದು ಹೋಗುತ್ತದೆಯೇ, ಇಳಿಜಾರು ಹೇಗಿದೆ, ಮೂವತ್ತು ವರ್ಷ ಕಾಯಲು ಸಾಧ್ಯವೇ ಎಂಬುದನ್ನು ನೋಡಿಕೊಳ್ಳುವುದು ಒಳಿತು. ಎತ್ತರವಾಗಿ ನಿಂತ ಕಾಂಡವನ್ನು ಹೊರಗಿನಿಂದ ಕಂಡು ಮರದ ಬೆಲೆ ಕಟ್ಟಲಾಗದು. ಗಂಧದ ಮೌಲ್ಯವಿರುವುದು ತೊಗಟೆಯೊಳಗೆ, ವರ್ಷಗಳು ಕಟ್ಟಿದ ಚೇಗಿನಲ್ಲಿ.