ಕಾಗದ ಬಾಳಬೇಕು, ಕತ್ತರಿ ಹರಿತವಿರಬೇಕು
ಅಂಟುಪುಸ್ತಕ ಮಾಡುವವರಿಗೆ ಕೆಲವು ಸೂಚನೆಗಳು

ಊರು ಬಿಟ್ಟು ಬಂದವರ ಆಸ್ತಿಯಲ್ಲಿ ಕಾಗದದ ಪಾಲು ದೊಡ್ಡದು. ಗದ್ದೆ, ಬಾವಿಕಟ್ಟೆ, ತುಳಸಿಕಟ್ಟೆಗಳು ಊರಿನಲ್ಲೇ ಉಳಿದುವು. ನಮ್ಮೊಡನೆ ಬಂದು ಟ್ರಂಕಿನ ತಳ ಸೇರಿದುವು ಇವು: ತಾಯಿ ನೆರೆಮನೆಯವರಿಂದ ಬರೆಯಿಸಿ ಕಳುಹಿದ ಇನ್‌ಲ್ಯಾಂಡ್ ಪತ್ರ, ಮನಿಯಾರ್ಡರಿನ ರಸೀದಿ, ರಾತ್ರಿಶಾಲೆಯ ಪ್ರಗತಿಪತ್ರ, ಮೊದಲ ಸಂಬಳದಲ್ಲಿ ಸ್ಟುಡಿಯೋಕ್ಕೆ ಹೋಗಿ ತೆಗೆಯಿಸಿಕೊಂಡ ಭಾವಚಿತ್ರ, ಕನ್ನಡ ಸಂಘದ ನಾಟಕದ ಕರಪತ್ರ. ಇವುಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದರೆ ಇವು ಪುಡಿಯಾದ ದಿನ, ಹತ್ತು ವರುಷದ ಹುಡುಗನೊಬ್ಬನು ಘಟ್ಟ ಹತ್ತಿ ಬಂದು ಲೋಟ ತೊಳೆದು ಸಂಸಾರ ಕಟ್ಟಿದ ವೃತ್ತಾಂತಕ್ಕೆ ಸಾಕ್ಷಿಯೇ ಇರುವುದಿಲ್ಲ.

ಈಗ ನಾಸಿಕದಲ್ಲಿಯೂ, 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದಲ್ಲಿಯೂ ಶಾಲೆಗೆ ಹೋಗುವ ನಮ್ಮ ಮಕ್ಕಳು ‘ಸ್ಕ್ರಾಪ್ ಬುಕ್’ ಎಂಬ ಕೈಗೆಲಸವನ್ನು ಮಾಡುತ್ತಿದ್ದಾರೆ. ಅಚ್ಚಾದ ಚಿತ್ರ, ಹೂಬಳ್ಳಿಯ ಅಂಚು, ಅಕ್ಷರಗಳನ್ನು ಯಂತ್ರದಲ್ಲಿ ಮುದ್ರಿಸಿಕೊಂಡು, ಕತ್ತರಿಸಿ, ಅಂಟಿಸಿ ಪುಸ್ತಕ ಮಾಡುವ ವಿನೋದವಿದು. ಈ ವಿನೋದವನ್ನು ನಮ್ಮ ಟ್ರಂಕಿನ ಕಾಗದಗಳ ರಕ್ಷಣೆಗೆ ತಿರುಗಿಸಿಕೊಳ್ಳಬಾರದೇಕೆ? ಹಾಗೆ ಮಾಡುವವರು ಮೊದಲು ಕಾಗದವನ್ನೂ ಕತ್ತರಿಯನ್ನೂ ಆರಿಸಲು ಕಲಿಯಬೇಕು. ಅಂಟಿಸಿದ ವಸ್ತುವಿನ ಆಯುಷ್ಯವು ಅದರ ಅಡಿಯಲ್ಲಿರುವ ಹಾಳೆಯ ಕೈಯಲ್ಲಿದೆ.

ಕಾಗದದ ಕುಲಗೋತ್ರ

ಗಲ್ಲೆಯ ಮೇಲೆ ಕುಳಿತವರಿಗೆ ಒಂದು ಸಂಗತಿ ಗೊತ್ತು. ಅಂಗಿಯ ಜೇಬಿನಲ್ಲಿ ಮರೆತುಹೋದ ನೋಟು ಒಗೆತಕ್ಕೆ ಬಿದ್ದರೂ ಒಣಗಿಸಿದರೆ ನೋಟಾಗಿಯೇ ಉಳಿಯುತ್ತದೆ. ಅದರ ಜತೆಗಿದ್ದ ಬಿಲ್ಲು ಮುದ್ದೆಯಾಗುತ್ತದೆ. ನೋಟಿನ ಕಾಗದ ಹತ್ತಿಯ ನಾರಿನಿಂದಾದುದು. ಹತ್ತಿಯ ನಾರು ಉದ್ದ, ಗಟ್ಟಿ, ಶುದ್ಧ. ಈ ನೋಟುಗಳನ್ನು ಅಚ್ಚು ಹಾಕುವ ಕರೆನ್ಸಿ ನೋಟ್ ಪ್ರೆಸ್ ನಾಸಿಕ ರೋಡಿನಲ್ಲಿ 1928ರಿಂದ ಇದೆ. ಅದರ ಹಿರಿಯಣ್ಣನಾದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಅಲ್ಲಿ 1925ರಲ್ಲಿ ಕೆಲಸ ತೊಡಗಿತು. ಅದಕ್ಕೆ ಮುಂಚೆ ನಮ್ಮ ಅಂಚೆಚೀಟಿಗಳು ಲಂಡನ್ನಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದುವು.

ವೃತ್ತಪತ್ರಿಕೆಯ ಕಾಗದ ಇದಕ್ಕೆ ನೇರ ವಿರುದ್ಧ. ಅದು ಮರವನ್ನು ಅರೆದು ಮಾಡಿದ ತಿರುಳು. ಮರದೊಳಗಿನ ಲಿಗ್ನಿನ್ ಎಂಬ ಪದಾರ್ಥವು ಅದರಲ್ಲಿ ಹಾಗೆಯೇ ಉಳಿದು, ಬೆಳಕು ಗಾಳಿಗಳು ತಗಲಿದೊಡನೆ ಹಳದಿಗೆ ತಿರುಗಿ ಆಮ್ಲವನ್ನು ಹುಟ್ಟಿಸುತ್ತದೆ. ಆಮ್ಲವು ನಾರನ್ನು ಕಡಿಯುತ್ತದೆ. ಮಡಿಚಿಟ್ಟ ಪತ್ರಿಕೆಯ ತುಣುಕು ಕೆಲವು ವರುಷಗಳಲ್ಲಿ ಹಪ್ಪಳದಂತೆ ಮುರಿಯುವುದು ಇದರಿಂದಲೇ. ತಮ್ಮ ಹೆಸರು ಅಚ್ಚಾದ ಹಳೆಯ ಸುದ್ದಿಯನ್ನು ತೋರಿಸಲು ನಮ್ಮ ಕಚೇರಿಗೆ ಬರುವ ಹಿರಿಯರು ಅದನ್ನು ಬಿಡಿಸಿದಾಗ ನಾಲ್ಕು ತುಂಡಾಗಿ ಮೇಜಿನ ಮೇಲೆ ಬೀಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಪತ್ರಿಕೆ ನಡೆಸುವ ನಾವೇ ಇದನ್ನು ಹೇಳುವುದು ವಿಚಿತ್ರವೆನಿಸಬಹುದು. ಆದರೂ ನಿಜ ನಿಜವೇ. ಪತ್ರಿಕೆಯ ಕತ್ತರಿಕೆಯನ್ನು ಒಳ್ಳೆಯ ಬಿಳಿ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನು ಅಂಟಿಸಿರಿ. ಮೂಲವನ್ನು ಬೇರೆ ಲಕೋಟೆಯಲ್ಲಿಡಿರಿ. ಅದರ ಆಮ್ಲವು ಪಕ್ಕದ ಹಾಳೆಗೂ ಭಾವಚಿತ್ರಕ್ಕೂ ಹರಡಿ ಕಲೆ ಮಾಡುತ್ತದೆ. ಹೋಟೆಲಿನ ಯಂತ್ರದಿಂದ ಹೊರಬರುವ ನುಣುಪು ಬಿಲ್ಲೂ ಹಾಗೆಯೇ: ಅದರಲ್ಲಿ ಶಾಯಿಯೇ ಇಲ್ಲ, ಶಾಖಕ್ಕೆ ಕಪ್ಪಾಗುವ ಲೇಪ ಮಾತ್ರ. ಹೊಸ ಅಂಗಡಿಯ ಮೊದಲ ಬಿಲ್ಲನ್ನು ಇಟ್ಟುಕೊಳ್ಳಬೇಕೆನ್ನುವವರು ಅಕ್ಷರ ಮಾಸುವ ಮುನ್ನವೇ ಪ್ರತಿ ತೆಗೆಯಿಸಿಕೊಳ್ಳಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಕಾಗದದ ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಹೇಳುವುದು ರೂಢಿ. ಎ-4 ಅಳತೆಯ ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರು. ಕಚೇರಿಯ 80 ಗ್ರಾಮಿನ ಹಾಳೆ ಒಂದಕ್ಕೆ ಐದು ಗ್ರಾಂ ತೂಗುತ್ತದೆ. ಪತ್ರದ ನಕಲಿಗೆ ಇದು ಸಾಕು. ಮೇಲೆ ಚಿತ್ರಗಳನ್ನು ಅಂಟಿಸುವ ಪುಟಕ್ಕೆ ಸಾಲದು, ಅಂಟಿನ ತೇವಕ್ಕೆ ನೆರಿಗೆಗಟ್ಟುತ್ತದೆ. ಪುಟಗಳಿಗೆ 160ರಿಂದ 250 ಗ್ರಾಮಿನ ಹಾಳೆ ಯೋಗ್ಯ. ದಪ್ಪ ಹಾಳೆಯ ಮೇಲೆಯೇ ಅಚ್ಚು ತೆಗೆಯಬೇಕಾದರೆ ಯಂತ್ರವು ಎಷ್ಟು ದಪ್ಪವನ್ನು ನುಂಗುತ್ತದೆಂದು ಮೊದಲೇ ವಿಚಾರಿಸಿರಿ. ಹಾಳೆಯ ಕಟ್ಟಿನ ಮೇಲೆ ‘ಆಸಿಡ್ ಫ್ರೀ’ ಎಂದಿದ್ದರೆ ಉತ್ತಮ. ಗೊಬ್ಬರಬಣ್ಣದ ಅಗ್ಗದ ರಟ್ಟು ಹೊದಿಕೆಯ ಒಳಗೆ ಅಡಗಿರಲಿ, ಚಿತ್ರಕ್ಕೆ ತಗಲದಿರಲಿ.

ಯಂತ್ರದ ಕಾಗದಕ್ಕೆ ಮರದಂತೆ ಎಳೆಯ ದಿಕ್ಕು ಉಂಟು. ಹಾಳೆಯ ಮೂಲೆಯನ್ನು ಎರಡೂ ಕಡೆಯಿಂದ ಹರಿದು ನೋಡಿದರೆ ಒಂದು ಕಡೆ ನೇರವಾಗಿ, ಇನ್ನೊಂದು ಕಡೆ ಅಡ್ಡಾದಿಡ್ಡಿಯಾಗಿ ಹರಿಯುತ್ತದೆ. ನೇರವಾಗಿ ಹರಿದ ಕಡೆಯೇ ಎಳೆಯ ದಿಕ್ಕು. ಪುಸ್ತಕದ ಬೆನ್ನಿಗೆ ಎಳೆಯು ಸಮಾಂತರವಾಗಿದ್ದರೆ ಪುಟಗಳು ಸಲೀಸಾಗಿ ಮಗುಚಿಕೊಳ್ಳುತ್ತವೆ. ಅಡ್ಡವಾಗಿದ್ದರೆ ಸೆಟೆದು ನಿಲ್ಲುತ್ತವೆ.

ಸಂಭಾಜಿನಗರದಲ್ಲಿರುವವರಿಗೆ ಇನ್ನೊಂದು ಸೌಕರ್ಯವುಂಟು. ದೌಲತಾಬಾದ್ ಕೋಟೆಯ ಬಳಿ ಕಾಗಜಿಪುರವೆಂಬ ಹಳ್ಳಿಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದಾಗ ಬಂದ ಕಾಗದದ ಕಸುಬುದಾರರು, ಅವನು ಹಿಂದಿರುಗಿದ ಮೇಲೂ ಇಲ್ಲಿಯೇ ನೆಲೆಸಿದರೆಂದು ಪ್ರತೀತಿ. ಅವರೂ ನಮ್ಮಂತೆ ಹೊಟ್ಟೆಪಾಡಿಗೆ ದೂರ ಬಂದವರು. ಕಸುಬಿನಿಂದಲೇ ಊರಿಗೆ ಹೆಸರು ತಂದರು. ಚಿಂದಿಬಟ್ಟೆಯನ್ನು ಕುಟ್ಟಿ ತಿರುಳು ಮಾಡಿ, ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿಯಿಂದ ಹಾಳೆಹಾಳೆಯಾಗಿ ಎತ್ತಿ, ಹಿಂಡಿ, ಗೋಡೆಗೆ ಹಚ್ಚಿ ಒಣಗಿಸಿ, ಗಂಜಿ ಹಾಕಿ, ಕಲ್ಲಿನಿಂದ ತಿಕ್ಕಿ ನುಣುಪು ಮಾಡುವುದು ಅಲ್ಲಿಯ ಕ್ರಮ. ಗಿರಣಿಯ ಕಾಗದದ ಮುಂದೆ ಈ ಕಸುಬು ಬಡವಾಯಿತು.

ಕೈಕಾಗದವು ಹೊದಿಕೆಗೂ, ಚಿತ್ರ ಕೂರಿಸುವ ಪುಟಕ್ಕೂ ಬಹಳ ಚೆನ್ನ. ಅಚ್ಚಿನ ಯಂತ್ರಕ್ಕೆ ಅದನ್ನು ಹಾಕಬೇಡಿರಿ; ಒರಟು ಮೈ ಉರುಳೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಶಾಯಿಯೂ ಹರಡುತ್ತದೆ. ಕೈಯಿಂದ ಮಾಡಿದುದೆಲ್ಲ ಬಾಳುವಂಥದು ಎಂದೂ ನಂಬಬಾರದು. ರದ್ದಿಯಿಂದ ಮಾಡಿದುದಾದರೆ ರದ್ದಿಯ ದೋಷವೂ ಜತೆಯಲ್ಲಿ ಬರುತ್ತದೆ. ಎಸಳು ಸೇರಿಸಿದ ಚಂದದ ಹಾಳೆ ಮುಂದೆ ಕಲೆ ಬಿಡುತ್ತದೆ. ಹತ್ತಿಬಟ್ಟೆಯದೇ ಎಂದು ಕೇಳಿ ಕೊಳ್ಳಿರಿ.

ಹರಿತದ ಮಾತು

ಅಡುಗೆಮನೆಯಲ್ಲಿ ಮೊಂಡ ಚೂರಿಯೇ ಬೆರಳು ಕೊಯ್ಯುತ್ತದೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹರಿತ ತಪ್ಪಿದಾಗ ಒತ್ತಡ ಹೆಚ್ಚಿ ಕೈ ಜಾರುತ್ತದೆ. ಕಾಗದದ ಕೆಲಸದಲ್ಲಿಯೂ ಇದೇ ನ್ಯಾಯ. ಎರಡು ಕತ್ತರಿ ಬೇಕು: ಉದ್ದ ಅಂಚಿಗೆ ಉದ್ದ ಅಲಗಿನದು, ಹೂಬಳ್ಳಿಯ ತಿರುವುಗಳಿಗೆ ಮೊನೆಯುಳ್ಳ ಚಿಕ್ಕದು. ತಿರುವಿನಲ್ಲಿ ಕತ್ತರಿಯ ಕೈ ನಿಂತಿರಲಿ, ಕಾಗದವನ್ನು ಹಿಡಿದ ಕೈ ತಿರುಗಲಿ. ಹಾಲಿನ ಪೊಟ್ಟಣ ಕತ್ತರಿಸುವ ಕತ್ತರಿಯನ್ನು ಇದಕ್ಕೆ ಮುಟ್ಟಬೇಡಿರಿ. ಕತ್ತರಿಗೆ ಹೆಸರಾದ ಮೀರತ್ತಿನವು ಸಾಣೆ ಹಿಡಿಸಿದರೆ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತವೆ; ಅಗ್ಗದವು ಒಂದೇ ಮಳೆಗಾಲಕ್ಕೆ ಸಡಿಲವಾಗುತ್ತವೆ.

ನೇರ ಗೆರೆಗೆ ಅಲಗು ಮುರಿಯುವ ಕಟ್ಟರು ಉತ್ತಮ. 1956ರಲ್ಲಿ ಜಪಾನಿನ ಯೋಶಿಯೋ ಒಕಾಡ ಎಂಬ ಮುದ್ರಣಾಲಯದ ಕೆಲಸಗಾರನು ಇದನ್ನು ಕಂಡುಹಿಡಿದನು. ಚಾಕೊಲೇಟಿನ ಹಲಗೆಯನ್ನು ಗೆರೆಗೆರೆಯಾಗಿ ಮುರಿಯುವಂತೆ, ಮೊಂಡಾದ ತುದಿಯನ್ನು ಮುರಿದು ಹೊಸ ಮೊನೆ ಪಡೆಯುವ ಉಪಾಯ ಅವನದು. ಒಬ್ಬ ಕೆಲಸಗಾರನ ಬುದ್ಧಿ ಲೋಕದ ಮೇಜಿನ ಮೇಲೆಲ್ಲ ಕುಳಿತಿದೆ! ಇದಕ್ಕೆ ಉಕ್ಕಿನ ಅಳತೆಪಟ್ಟಿಯನ್ನೇ ಬಳಸಿರಿ. ಪ್ಲಾಸ್ಟಿಕ್ ಪಟ್ಟಿಯನ್ನು ಅಲಗು ತಿಂದುಹಾಕುತ್ತದೆ. ಅಡಿಗೆ ಕಟಿಂಗ್ ಮ್ಯಾಟ್ ಅಥವಾ ದಪ್ಪ ರಟ್ಟು ಇರಲಿ. ದಪ್ಪ ಹಾಳೆಯನ್ನು ಒಂದೇ ಏಟಿಗೆ ತುಂಡರಿಸದೆ, ಹಗುರವಾಗಿ ಮೂರು ಸಲ ಎಳೆಯಿರಿ. ಮುರಿದ ತುದಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿರಿ. ಕಸ ಗುಡಿಸುವವರ ಕೈಯೂ ಕೈಯೇ.

ಮೂಲವಸ್ತುವನ್ನು ಕತ್ತರಿಸದಿರುವುದೇ ಲೇಸು. ಹಳೆಯ ಭಾವಚಿತ್ರದ ಅಂಚಿನಲ್ಲಿ ನಿಂತ ‘ಯಾರೋ’ ನಾಳೆ ಮೊಮ್ಮಕ್ಕಳಿಗೆ ಬೇಕಾದ ಬಂಧುವಾಗಬಹುದು. ನಕಲು ತೆಗೆಯಿಸಿ ಅದನ್ನು ಕತ್ತರಿಸಿರಿ. ಅಂಚೆಚೀಟಿಯ ಹಲ್ಲುಗಳಿಗಂತೂ ಕತ್ತರಿ ತಾಗಬಾರದು. 1949ರ ಆಗಸ್ಟ್ 15ರಂದು ಹೊರಟ ಚೀಟಿಗಳ ಮಾಲೆಯಲ್ಲಿ ಮೂರು ಪೈಯ ಚೀಟಿಯ ಮೇಲೆ ಸಂಭಾಜಿನಗರ ಜಿಲ್ಲೆಯ ಅಜಂತಾ, ಆರಾಣೆಯ ಚೀಟಿಯ ಮೇಲೆ ನಮ್ಮ ವಿಜಾಪುರದ ಗೋಳಗುಮ್ಮಟ. ಎರಡೂ ಅಚ್ಚಾದುದು ನಾಸಿಕದಲ್ಲಿ. ಅಂಥದೊಂದು ಚೀಟಿ ಹಳೆಯ ಲಕೋಟೆಯ ಮೇಲೆ ಸಿಕ್ಕಿದರೆ, ಲಕೋಟೆಸಹಿತ ಇಟ್ಟುಕೊಳ್ಳಿರಿ. ಊರಿನ ಅಂಚೆಮುದ್ರೆಯೂ ತಾರೀಖೂ ಅದರ ಮೇಲೆಯೇ ಇರುತ್ತವೆ.

ಅಂಟು ಮತ್ತು ಇಡುವ ಕ್ರಮ

ಸೆಲ್ಲೋಟೇಪು ಬೇಡ, ಅದು ಕಂದಾಗಿ ಎದ್ದುಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಪಿನ್ನು ಬೇಡ, ತುಕ್ಕು ಹಿಡಿಯುತ್ತದೆ. ಚೆನ್ನಾಗಿ ಬೇಯಿಸಿ ಸೋಸಿದ ಮೈದಾ ಗಂಜಿ ನಮ್ಮವರಿಗೆ ಕಷ್ಟದ್ದಲ್ಲ. ಅದನ್ನು ತೆಳುವಾಗಿ ಹಚ್ಚಿ, ಪುಸ್ತಕವನ್ನು ಭಾರದಡಿಯಲ್ಲಿಟ್ಟು ಪೂರ್ಣ ಒಣಗಿಸಬೇಕು. ತೇವ ಉಳಿದರೆ ಹುಳವೂ ಬೂಷ್ಟೂ ಬರುತ್ತವೆ. ಬೈಂಡಿಂಗಿನವರು ಹುಳದ ಭಯಕ್ಕೆ ಬೆರೆಸುವ ಮೈಲುತುತ್ತವನ್ನು ಭಾವಚಿತ್ರದ ಹತ್ತಿರ ಬಳಸಬಾರದು. ಭಾವಚಿತ್ರಕ್ಕೆ ಅಂಟೇ ಬೇಡ. ಕಾಗದದ ಮೂಲೆಗಳನ್ನು ಮಡಿಚಿ ಅಂಟಿಸಿ, ಅವುಗಳೊಳಗೆ ಅದನ್ನು ಸಿಕ್ಕಿಸಿರಿ. ಮನೆಯ ಇಂಕ್‌ಜೆಟ್ ಅಚ್ಚು ಸಾಮಾನ್ಯವಾಗಿ ನೀರಿಗೆ ಕದಡುತ್ತದೆ. ಅಕ್ಷರಗಳಿಗೆ ಲೇಸರ್ ಅಚ್ಚು ಮೇಲು. ಅದನ್ನು ಮಡಿಚಿದರೆ ಮಸಿ ಉದುರುತ್ತದೆಂಬುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಬರವಣಿಗೆ. ಪ್ರತಿಯೊಂದರ ಕೆಳಗೆ ಪೆನ್ಸಿಲಿನಿಂದ ಹೆಸರು, ಊರು, ವರುಷ ಬರೆಯಿರಿ. ಪೆನ್ಸಿಲಿನ ಗೆರೆ ನೀರಿಗೆ ಕದಡುವುದಿಲ್ಲ. ಮಕ್ಕಳಿಗೆ ಮರಾಠಿ, ಇಂಗ್ಲಿಷು ಶಾಲೆಯಲ್ಲಿ ದೊರೆಯುತ್ತವೆ. ಅಜ್ಜಿಯ ಪತ್ರದ ಕನ್ನಡವನ್ನು ಓದಿ ಹೇಳಲು ಮನೆಯವರೇ ಬೇಕು. ಆ ಅಕ್ಷರ ಬಲ್ಲವರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.

ವಾಚಕರು ಮುಂದಿನ ರಜೆಯ ದಿನ ಟ್ರಂಕನ್ನು ಹೊರಗೆಳೆದು, ಮಕ್ಕಳನ್ನು ಪಕ್ಕಕ್ಕೆ ಕುಳ್ಳಿರಿಸಿಕೊಂಡು, ಒಂದು ಪುಟವನ್ನಾದರೂ ಮುಗಿಸಬೇಕೆಂದು ನಮ್ಮ ವಿನಂತಿ.