ಬಯಕೆ ಸಂಕಟ ನಾಟಕವಲ್ಲ

ಅಡುಗೆಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಬಿದ್ದದ್ದೇ ತಡ, ಮದುವೆಯಾಗಿ ವರ್ಷ ತುಂಬದ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುತ್ತಾಳೆ. ಅಜ್ಜಿಯ ಮುಖದಲ್ಲಿ ನಗು ಮೂಡುತ್ತದೆ. ಅಮ್ಮ ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತಾಳೆ. ಸಿನಿಮಾದಲ್ಲಾದರೆ ನಾಯಕಿ ಒಮ್ಮೆ ಓಕರಿಸಿದರೆ ಸಾಕು, ಮುಂದಿನ ದೃಶ್ಯದಲ್ಲಿ ಸಿಹಿ ಹಂಚುತ್ತಾರೆ. ಮನೆಯಲ್ಲಿ ಆ ದೃಶ್ಯ ಅಷ್ಟು ಬೇಗ ಮುಗಿಯುವುದಿಲ್ಲ. ಮಧ್ಯಾಹ್ನವೂ ಅದೇ, ರಾತ್ರಿಯೂ ಅದೇ, ಮರುದಿನವೂ ಅದೇ. ಮೂರನೇ ವಾರದ ಹೊತ್ತಿಗೆ ಸಂಭ್ರಮ ಕರಗಿ, ‘ನಾವೇನು ಹೆತ್ತಿಲ್ಲವೇ? ಈಗಿನವರದು ಎಲ್ಲ ಅತಿಯಾಯಿತು’ ಎಂಬ ಮಾತು ಶುರುವಾಗುತ್ತದೆ. ಪಿ.ಯು.ಸಿ. ಪುಸ್ತಕ ಹಿಡಿದು ಕುಳಿತ ತಮ್ಮನಿಗೆ ಇದೊಂದೂ ಅರ್ಥವಾಗುವುದಿಲ್ಲ. ಅವನಿಗೆ ಯಾರೂ ಹೇಳುವುದೂ ಇಲ್ಲ.

ನಮ್ಮಲ್ಲಿ ಇದಕ್ಕೆ ಬಯಕೆ ಸಂಕಟ ಎನ್ನುತ್ತಾರೆ. ಮಾವಿನಕಾಯಿ, ಹುಣಸೆಹಣ್ಣು ಬೇಕೆನ್ನುವ ಆಸೆಯನ್ನೂ ಊಟ ಕಂಡರಾಗದ ಕಷ್ಟವನ್ನೂ ಒಟ್ಟಿಗೆ ಕಟ್ಟಿದ ಹೆಸರು ಅದು. ಇಂಗ್ಲಿಷಿನ ‘ಮಾರ್ನಿಂಗ್ ಸಿಕ್‌ನೆಸ್’ಗಿಂತ ಇದೇ ಹೆಚ್ಚು ಪ್ರಾಮಾಣಿಕ. ಏಕೆಂದರೆ ಈ ತೊಂದರೆ ಬೆಳಗಿನ ಹೊತ್ತಿಗಷ್ಟೇ ಸೀಮಿತವಲ್ಲ. ಹತ್ತು ಮಂದಿ ಬಸುರಿಯರಲ್ಲಿ ಏಳೆಂಟು ಮಂದಿಗಾದರೂ ವಾಕರಿಕೆ ಇರುತ್ತದೆ. ಸುಮಾರು ಅರ್ಧದಷ್ಟು ಮಂದಿಗೆ ವಾಂತಿಯೂ ಆಗುತ್ತದೆ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಐದಾರನೇ ವಾರಕ್ಕೆ ಶುರುವಾಗಿ, ಒಂಬತ್ತನೇ ವಾರದ ಸುಮಾರಿಗೆ ತಾರಕಕ್ಕೇರಿ, 16ರಿಂದ 20 ವಾರಗಳೊಳಗೆ ಬಹುತೇಕರಿಗೆ ಇಳಿಯುತ್ತದೆ. ಕೆಲವರಿಗೆ ಮಾತ್ರ ಹೆರಿಗೆಯವರೆಗೂ ಬಿಡುವುದಿಲ್ಲ.

ಇದಕ್ಕೆ ಕಾರಣವೇನು? ಕಳೆದ ಶತಮಾನದಲ್ಲಿ ಬಹುಕಾಲ ವೈದ್ಯರೇ ಕೊಟ್ಟ ಉತ್ತರ ಇಂದು ನಾಚಿಕೆ ಹುಟ್ಟಿಸುವಂಥದು. ಮನೋವಿಶ್ಲೇಷಣೆಯ ಗುಂಗಿನಲ್ಲಿದ್ದ ಪಾಶ್ಚಾತ್ಯ ವೈದ್ಯರಲ್ಲಿ ಹಲವರು, ಹೆಂಗಸು ಒಳಮನಸ್ಸಿನಲ್ಲಿ ಬಸಿರನ್ನು ಒಲ್ಲೆನ್ನುತ್ತಾಳೆ, ಅದನ್ನೇ ಬಾಯಿಂದ ಹೊರಹಾಕುತ್ತಾಳೆ ಎಂದು ನಂಬಿದ್ದರು. ಆಮೇಲೆ ಅನುಮಾನ ಎಚ್.ಸಿ.ಜಿ. ಎಂಬ ಹಾರ್ಮೋನಿನ ಮೇಲೆ ಬಿತ್ತು. ಔಷಧಿ ಅಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿಸುವುದು ಇದೇ. ವಾಂತಿ ಹೆಚ್ಚಾಗುವ ವಾರಗಳಲ್ಲೇ ಇದೂ ರಕ್ತದಲ್ಲಿ ಹೆಚ್ಚುತ್ತದೆ. ಅವಳಿ ಮಕ್ಕಳಿದ್ದಾಗ ಎರಡೂ ಜಾಸ್ತಿ. ಆದರೆ ಎಚ್.ಸಿ.ಜಿ. ಒಂದೇ ಮಟ್ಟದಲ್ಲಿರುವ ಇಬ್ಬರಲ್ಲಿ ಒಬ್ಬಳು ಆರಾಮಾಗಿರುವುದೂ ಇನ್ನೊಬ್ಬಳು ನೆಲ ಹಿಡಿಯುವುದೂ ಏಕೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವರಲ್ಲಿ ಮುಖ್ಯರಾದವರು ಅದನ್ನು ಸ್ವತಃ ಅನುಭವಿಸಿದ್ದ ತಳಿವಿಜ್ಞಾನಿ, ಅಮೆರಿಕದ ಮಾರ್ಲೀನಾ ಫೇಜೋ. 1999ರಲ್ಲಿ ಬಸುರಿಯಾಗಿದ್ದಾಗ ಅವರಿಗೆ ಅನ್ನ ನೀರು ಯಾವುದೂ ನಿಲ್ಲಲಿಲ್ಲ. ಮನೆಯವರ ಗಮನ ಸೆಳೆಯಲು ಹೀಗೆ ಮಾಡುತ್ತಿದ್ದಾರೆ ಎಂಬ ಧಾಟಿಯಲ್ಲಿ ಅವರ ವೈದ್ಯರು ಮಾತಾಡಿದರು. ಹದಿನೈದನೇ ವಾರದಲ್ಲಿ ಮಗು ಹೋಯಿತು. ಫೇಜೋ ತಮ್ಮ ಸಂಶೋಧನೆಯನ್ನೇ ಇತ್ತ ತಿರುಗಿಸಿದರು. 2018ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಜೀನ್ ಮಾಹಿತಿಯನ್ನು ತಾಳೆ ನೋಡಿದಾಗ ಎದ್ದು ಕಂಡದ್ದು ಎಚ್.ಸಿ.ಜಿ. ಅಲ್ಲ, ಜಿ.ಡಿ.ಎಫ್.-15 ಎಂಬ ಇನ್ನೊಂದು ಹಾರ್ಮೋನಿನ ಜೀನ್.

ಈ ಜಿ.ಡಿ.ಎಫ್.-15 ಬಸುರಿಯರ ಸ್ವತ್ತೇನಲ್ಲ. ಗಂಡಸರಲ್ಲೂ ಇದೆ. ದೇಹದ ಜೀವಕೋಶಗಳಿಗೆ ರೋಗದಿಂದಲೋ ವಿಷದಿಂದಲೋ ಪೆಟ್ಟು ಬಿದ್ದಾಗ ಇದು ಹೆಚ್ಚಾಗಿ ಸ್ರವಿಸುತ್ತದೆ. ಹಿಮ್ಮೆದುಳಿನ ಪುಟ್ಟ ಜಾಗವೊಂದರಲ್ಲಿ ಇದಕ್ಕೆಂದೇ ಇರುವ ಗ್ರಾಹಕಗಳನ್ನು ಇದು ತಟ್ಟುತ್ತದೆ. ಕೂಡಲೇ ಹಸಿವು ಸಾಯುತ್ತದೆ, ಹೊಟ್ಟೆ ತೊಳಸುತ್ತದೆ. ಬಸಿರಿನಲ್ಲಿ ಮಗುವಿನ ಭಾಗವಾದ ಮಾಸು ಇದನ್ನು ಧಾರಾಳವಾಗಿ ತಾಯಿಯ ರಕ್ತಕ್ಕೆ ಸುರಿಯುತ್ತದೆ. ಫೇಜೋ ಮತ್ತು ಕೇಂಬ್ರಿಡ್ಜಿನ ಸ್ಟೀಫನ್ ಓರಾಹಿಲಿ ಅವರ ತಂಡ 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಸ್ವಾರಸ್ಯಕರ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಇದು ಕಡಿಮೆ ಇತ್ತೋ ಅವರಿಗೇ ಹೆಚ್ಚು ಕಷ್ಟ. ಖಾರವನ್ನೇ ಕಾಣದ ನಾಲಿಗೆಗೆ ಒಮ್ಮೆಲೇ ಗುಂಟೂರು ಮೆಣಸಿನಕಾಯಿ ಇಟ್ಟಂತೆ. ಥಲಸ್ಸೇಮಿಯಾ ಎಂಬ ರಕ್ತರೋಗವಿರುವವರಲ್ಲಿ ಈ ಹಾರ್ಮೋನು ಮೊದಲಿನಿಂದಲೂ ಹೆಚ್ಚು. ಅವರಿಗೆ ಬಸಿರಿನ ವಾಂತಿ ಅಪರೂಪ.

ಅಂದಮೇಲೆ ಒಬ್ಬಳಿಗೆ ನಾಲ್ಕು ಹೆತ್ತರೂ ವಾಂತಿಯಾಗದಿರುವುದು ಅವಳ ಗಟ್ಟಿತನವಲ್ಲ. ಇನ್ನೊಬ್ಬಳಿಗೆ ಆಗುವುದು ಅವಳ ನಾಜೂಕೂ ಅಲ್ಲ. ಸಾಧಾರಣ ವಾಂತಿ ಇದ್ದವರಲ್ಲಿ ಗರ್ಭಪಾತ ಸ್ವಲ್ಪ ಕಡಿಮೆಯೆಂದು ಕಂಡುಬಂದಿದೆ. ವಾಂತಿ ಇಲ್ಲದವರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ, ಅವರ ಬಸಿರೂ ಸುಸೂತ್ರವಾಗಿಯೇ ಇರುತ್ತದೆ. ವಾಂತಿ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಅಕ್ಕಪಕ್ಕದವರ ಪಾಂಡಿತ್ಯವನ್ನು ಮಾತ್ರ ನಂಬುವಂತಿಲ್ಲ.

ಮಾತ್ರೆಯ ಭಯ

ಬಸುರಿ ಮಾತ್ರೆ ನುಂಗಬಾರದು ಎಂಬ ಅಂಜಿಕೆಗೆ ಹಿನ್ನೆಲೆಯಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆ ಮಾತ್ರೆ ಮಾರಾಟಕ್ಕೆ ಬಂತು. ನಿರಪಾಯವೆಂದು ನಂಬಿ ಹಲವು ದೇಶಗಳ ಬಸುರಿಯರು ವಾಕರಿಕೆಗೆ ಅದನ್ನು ನುಂಗಿದರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಪುರಾವೆ ಸಾಲದು ಎಂದು ಕಡತವನ್ನು ಮತ್ತೆ ಮತ್ತೆ ವಾಪಸು ಕಳಿಸಿ ಆ ಮಾತ್ರೆಗೆ ಪರವಾನಗಿ ಕೊಡಲೇ ಇಲ್ಲ.

ಈ ಭಯ ಮುಂದೆ ಒಳ್ಳೆಯ ಔಷಧಿಗೂ ಕುತ್ತು ತಂದಿತು. ಡಾಕ್ಸಿಲಮೈನ್ ಮತ್ತು ಬಿ-6 ವಿಟಮಿನ್ ಸೇರಿದ ಮಾತ್ರೆಯೊಂದು ಅಮೆರಿಕದಲ್ಲಿ 1956ರಿಂದ ಬಳಕೆಯಲ್ಲಿತ್ತು. ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣವೆಂದು ಮೊಕದ್ದಮೆಗಳು ಸಾಲುಗಟ್ಟಿದಾಗ 1983ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅಂಗವೈಕಲ್ಯವೇನೂ ಕಡಿಮೆಯಾಗಲಿಲ್ಲ; ವಾಂತಿಯಿಂದ ಆಸ್ಪತ್ರೆ ಸೇರುವವರು ಹೆಚ್ಚಾದರು. ಅಧ್ಯಯನಗಳು ಆರೋಪವನ್ನು ತಳ್ಳಿಹಾಕಿದವು. 2013ರಲ್ಲಿ ಅದೇ ಔಷಧಿಗಳ ಮಾತ್ರೆಗೆ ಅಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ನಮ್ಮ ವೈದ್ಯರೂ ಮೊದಲು ಬರೆದುಕೊಡುವುದು ಸಾಮಾನ್ಯವಾಗಿ ಇದನ್ನೇ. ಅಂಗಡಿಯಲ್ಲಿ ಕೇಳಿ ತರುವುದು ಬೇಡ. ವೈದ್ಯರು ಬರೆದುಕೊಟ್ಟದ್ದನ್ನು ಹೆದರಿ ಮೂಲೆಗೆಸೆಯುವುದೂ ಬೇಡ.

ಮನೆಯಲ್ಲಿ ಆಗುವಂಥದು

ಹೊಟ್ಟೆ ಪೂರ್ತಿ ಖಾಲಿಯಾದರೆ ವಾಕರಿಕೆ ಹೆಚ್ಚು, ತುಂಬಿದರೂ ಹೆಚ್ಚು. ಆದ್ದರಿಂದ ಮೂರು ಹೊತ್ತಿನ ಊಟವನ್ನು ಆರೇಳು ಸಲ ಹಂಚಿಕೊಳ್ಳುವುದು ಮೇಲು. ಹಾಸಿಗೆಯ ಪಕ್ಕ ಒಂದು ಡಬ್ಬಿಯಲ್ಲಿ ಮಂಡಕ್ಕಿ, ಹುರಿಗಡಲೆ, ರಸ್ಕು ಏನಾದರೂ ಒಣ ತಿಂಡಿ ಇಟ್ಟುಕೊಂಡು, ಎರಡು ತುತ್ತು ತಿಂದು, ಹತ್ತು ಹದಿನೈದು ನಿಮಿಷ ಬಿಟ್ಟು ಏಳಬೇಕು. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ನಡುನಡುವೆ ಗುಟುಕರಿಸಬೇಕು. ನಿಂಬೆ ಪಾನಕ, ತಿಳಿ ಮಜ್ಜಿಗೆ, ಎಳನೀರು ಯಾವುದು ಒಗ್ಗುತ್ತದೋ ಅದು. ಅಜ್ಜಿಯರ ಶುಂಠಿ ಪರೀಕ್ಷೆಗಳಲ್ಲೂ ಪಾಸಾಗಿದೆ: ವಾಂತಿಗಿಂತ ವಾಕರಿಕೆಯನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ ಹೊತ್ತು ಬದಲಿಸಿಕೊಳ್ಳಬಹುದು. ಫೋಲಿಕ್ ಆಮ್ಲದ ಮಾತ್ರೆಯನ್ನು ಮಾತ್ರ ಬಿಡಬಾರದು.

ಎಲ್ಲಕ್ಕಿಂತ ದೊಡ್ಡ ಉಪಶಮನ ಒಗ್ಗರಣೆಯ ಸೌಟು ಬೇರೆಯವರ ಕೈಗೆ ಹೋಗುವುದು. ಗಂಡನೋ ಮೈದುನನೋ ಪಿ.ಯು.ಸಿ. ಓದುವ ತಮ್ಮನೋ ಎರಡು ತಿಂಗಳು ಅಡುಗೆಮನೆ ನೋಡಿಕೊಂಡರೆ ಯಾರ ಓದೂ ಹಾಳಾಗುವುದಿಲ್ಲ. ಅಂದಹಾಗೆ, ಮನೆಯ ಮಕ್ಕಳ ಚೀಲದಿಂದ ಬಳಪ ಕಾಣೆಯಾಗುತ್ತಿದ್ದರೆ, ಬಸುರಿ ಮಣ್ಣನ್ನೋ ಬೂದಿಯನ್ನೋ ಬಯಸುತ್ತಿದ್ದರೆ ಅದನ್ನು ಬಯಕೆಯೆಂದು ನಕ್ಕು ಬಿಡಬೇಡಿ. ರಕ್ತಹೀನತೆ ಇದ್ದೀತು, ರಕ್ತ ಪರೀಕ್ಷೆ ಮಾಡಿಸಿ.

ಯಾವಾಗ ತಡಮಾಡಬಾರದು?

ನೂರರಲ್ಲಿ ಮೂವರವರೆಗೆ ಬಸುರಿಯರಿಗೆ ವಾಂತಿ ಮಿತಿಮೀರುತ್ತದೆ. ವೈದ್ಯರು ಇದನ್ನು ಹೈಪರ್‌ಎಮೆಸಿಸ್ ಎನ್ನುತ್ತಾರೆ. ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದರಷ್ಟು, ಅಂದರೆ 50 ಕಿಲೋ ಇದ್ದವಳಿಗೆ ಎರಡೂವರೆ ಕಿಲೋ ಇಳಿದರೆ ಅದು ಎಚ್ಚರಿಕೆಯ ಗಂಟೆ. ಇಡೀ ದಿನ ಗುಟುಕು ನೀರೂ ನಿಲ್ಲದಿರುವುದು, ಎಂಟು ಗಂಟೆಯಾದರೂ ಮೂತ್ರ ಬರದಿರುವುದು ಅಥವಾ ಕಡು ಹಳದಿಯಾಗಿ ಬರುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ವಾಂತಿಯಲ್ಲಿ ರಕ್ತ, ಜ್ವರ, ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ‘ನಾಳೆ ನೋಡೋಣ’ ಎನ್ನದೆ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡಬೇಕು.

ಬಾಟಲಿ ಏರಿಸುವಲ್ಲಿಯೂ ಒಂದು ಎಚ್ಚರ ಬೇಕು. ವಾರಗಟ್ಟಲೆ ಊಟವಿಲ್ಲದ ದೇಹದಲ್ಲಿ ಬಿ-1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಮೆದುಳಿಗೇ ಹಾನಿಯಾಗಬಹುದು. ‘ಒಂದು ಗ್ಲೂಕೋಸ್ ಹಾಕಿ ಕಳಿಸಿಬಿಡಿ’ ಎಂದು ದುಂಬಾಲು ಬೀಳುವ ಬದಲು, ಎಷ್ಟು ದಿನದಿಂದ ಊಟವಿಲ್ಲ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು.

ಚೊಚ್ಚಲಿನಲ್ಲಿ ಹೀಗಾದವರಿಗೆ ಮುಂದಿನ ಬಸಿರಿನಲ್ಲೂ ಆಗುವ ಸಂಭವ ಹೆಚ್ಚು. ತಾಯಿಗೋ ಅಕ್ಕನಿಗೋ ಆಗಿದ್ದರೂ ಅಷ್ಟೇ, ಇದು ವಂಶದಲ್ಲಿ ಹರಿದುಬರುತ್ತದೆ. ಮೊದಲ ತಪಾಸಣೆಗೆ ಹೋದಾಗಲೇ ಈ ಸಂಗತಿಯನ್ನು ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಸಿಟ್ಟರೆ, ವಾಂತಿ ಜೋರಾಗುವ ಮೊದಲೇ ವೈದ್ಯರು ಮಾತ್ರೆ ಶುರುಮಾಡಬಹುದು.